ರೇಸಿಗೆ ಹುಟ್ಟಿದ ಬೈಕು, ಗುಂಡಿಗೆ ಬಿದ್ದ ನಾವು

ಆಂಧ್ರದ ಗಡಿಯಂಚಿನ ನಮ್ಮ ಆದೋನಿಯಲ್ಲಿ ಎತ್ತಿನ ಬಂಡಿಗೂ ರೇಸಿನ ಬೈಕಿಗೂ ಒಂದೇ ದಾರಿ. ಒಂದೇ ಗುಂಡಿ. ಗುಂಡಿ ಕಂಡರೆ ಎತ್ತು ನಿಧಾನ ಮಾಡುತ್ತದೆ. ಅದು ಜಾಹೀರಾತು ನೋಡುವುದಿಲ್ಲ.

ಬೈಕಿನ ಹೆಸರು ಯಮಹಾ ಆರ್‌15. ನಮ್ಮ ಕಡೆ ಅದಕ್ಕೆ ಪರಿಚಯ ಬೇಕಿಲ್ಲ. ಆಲೂರು, ಎಮ್ಮಿಗನೂರು, ಕೋಸಿಗಿ, ಹೊಳಗುಂದ, ಯಾವ ಊರಿಗೆ ಹೋದರೂ ಚಹಾದಂಗಡಿ ಮುಂದೆ ಒಂದು ನಿಂತಿರುತ್ತದೆ. ಅದರ ಮೇಲೆ ಒಬ್ಬ ಬೋರಲು ಬಿದ್ದಿರುತ್ತಾನೆ. ಹ್ಯಾಂಡಲ್ ಇರುವುದೇ ಅಷ್ಟು ಕೆಳಗೆ.

ಬೈಕಿನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆ ಯಂತ್ರ. 2008ರಲ್ಲಿ ಬಂದಾಗ 150 ಸಿಸಿ ಬೈಕಿನಲ್ಲಿ ನೀರಿನಿಂದ ತಣಿಯುವ ಎಂಜಿನ್, ಆರು ಗೇರು, ರೇಸಿನ ಕಣದಿಂದ ಇಳಿದುಬಂದ ಡೆಲ್ಟಾಬಾಕ್ಸ್ ಚೌಕಟ್ಟು, ಇಷ್ಟನ್ನೂ ಒಟ್ಟಿಗೆ ಕೊಟ್ಟದ್ದು ಸಣ್ಣ ಮಾತಲ್ಲ. 2021ರಲ್ಲಿ ನಾಲ್ಕನೆಯ ಅವತಾರ ಬಂತು. 155 ಸಿಸಿ, 18.4 ಪಿಎಸ್. ಹಿಂದಿನ ಗಾಲಿ ಜಾರದ ಹಾಗೆ ಟ್ರ್ಯಾಕ್ಷನ್ ಕಂಟ್ರೋಲ್. ಕೆಲವು ಮಾದರಿಗಳಲ್ಲಿ ಕ್ಲಚ್ ಹಿಡಿಯದೆ ಗೇರು ಏರಿಸುವ ಕ್ವಿಕ್‌ಶಿಫ್ಟರ್. ಥಟ್ಟನೆ ಗೇರು ಇಳಿಸಿದರೂ ಗಾಲಿ ಬಿಗಿಯದ ಹಾಗೆ ಸ್ಲಿಪ್ಪರ್ ಕ್ಲಚ್.

ಈ ಸ್ಲಿಪ್ಪರ್ ಕ್ಲಚ್ ರೇಸಿನವರಿಗೆ ಯಾಕೆ ಬೇಕಾಯಿತು? ಬೈಕ್ ರೇಸಿನ ವಿಶ್ವಪಂದ್ಯ ಮೋಟೋಜಿಪಿಯಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟಿ ಬಂದವನು ತಿರುವಿನ ಮುಂದೆ ಒಂದರ ಹಿಂದೊಂದು ಗೇರು ಇಳಿಸಬೇಕು. ಇಳಿಸುವಾಗ ಹಿಂದಿನ ಗಾಲಿ ಕುಣಿಯಬಾರದು. ನಮ್ಮ ತಿರುವಿನಲ್ಲಿ ಎಮ್ಮೆ ಕೂತಿರುತ್ತದೆ. ಎಮ್ಮೆ ಯಾವ ಗೇರಿಗೂ ಏಳುವುದಿಲ್ಲ.

ಹೊಸೂರಿನ ಟಿವಿಎಸ್ ಕಂಪನಿ ತನ್ನ ಅಪಾಚೆ ಆರ್‌ಆರ್ 310ಕ್ಕೆ 2024ರಲ್ಲಿ ರೆಕ್ಕೆಯನ್ನೇ ಹಚ್ಚಿತು. ವೇಗ ಹೆಚ್ಚಿದಾಗ ಗಾಳಿಯೇ ಮುಂದಿನ ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯಲಿ ಅಂತ. ಇದೂ ರೇಸಿನ ಕೊಡುಗೆ. ನಮ್ಮ ಕಡೆ ಗಾಲಿ ನೆಲ ಬಿಡದಿರಲು ರೆಕ್ಕೆ ಸಾಲದು. ಮೊದಲು ನೆಲ ಬೇಕು.

ಆರ್‌15ರ ಮೀಟರಿನಲ್ಲಿ ಎರಡು ಮೋಡ್. ಒಂದು ಸ್ಟ್ರೀಟ್. ಇನ್ನೊಂದು ಟ್ರ್ಯಾಕ್. ಟ್ರ್ಯಾಕ್ ಒತ್ತಿದರೆ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವ ಲೆಕ್ಕ ಬರುತ್ತದೆ. ಚೆನ್ನೈ, ಕೊಯಮತ್ತೂರು, ಗ್ರೇಟರ್ ನೋಯ್ಡಾ ಅಂತ ದೇಶದಲ್ಲಿ ಹೇಳಿಕೊಳ್ಳುವಂಥ ಟ್ರ್ಯಾಕುಗಳು ಕೈಬೆರಳಿನಲ್ಲಿ ಮುಗಿಯುತ್ತವೆ. ಆದೋನಿಯ ಹುಡುಗ ಅಲ್ಲಿಗೆ ಯಾವಾಗ ಹೋಗಬೇಕು? ಅವನು ಭೀಮಾಸ್ ಸರ್ಕಲನ್ನೇ ಟ್ರ್ಯಾಕ್ ಮಾಡಿಕೊಂಡ. ಸುತ್ತು ಹಾಕುವುದು ಅವನು. ತಲೆ ಸುತ್ತುವುದು ನಮಗೆ.

2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿ ಮೋಟೋಜಿಪಿ ನಡೆಯಿತು. ಇಟಲಿಯ ಮಾರ್ಕೊ ಬೆಝೆಕಿ ಗೆದ್ದ. ಮರುವರ್ಷವೂ ಇದೆ ಅಂದರು. ರದ್ದಾಯಿತು. ಹೀಗೆ ಟ್ರ್ಯಾಕಿನ ರೇಸು ನಿಂತುಹೋಯಿತು. ಬಜಾರಿನ ರೇಸನ್ನು ರದ್ದು ಮಾಡುವವರು ಇನ್ನೂ ಹುಟ್ಟಬೇಕು.

ಈಗ ತಮಾಷೆ ನೋಡಿ. ಈ ರೇಸಿನ ಬೈಕಿಗೆ ಸೀರೆ ಗಾರ್ಡ್ ಇದೆ. ಹೌದು, ಸೀರೆ ಗಾರ್ಡ್. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂತವರಿಗೆ ಹಿಡಿಯಲು ಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಗಾಲಿಗೆ ಸಿಗದ ಹಾಗೆ ಅರ್ಧ ಗಾಲಿಯಾದರೂ ಮುಚ್ಚಿರಬೇಕು. ಕಾನೂನು ಬರೆದವನಿಗೆ ಈ ದೇಶ ಗೊತ್ತಿತ್ತು. ಇಲ್ಲಿ ಬೈಕಿನ ಹಿಂದೆ ಅವ್ವ ಕೂರುತ್ತಾಳೆ, ಅಕ್ಕ ಕೂರುತ್ತಾಳೆ, ಮಡಿಲಲ್ಲಿ ಕೂಸು ಇರುತ್ತದೆ.

ಷೋರೂಮಿನಿಂದ ಬಂದ ಬೈಕಿನಿಂದ ಮೊದಲು ಕಳಚುವುದು ಆ ಸೀರೆ ಗಾರ್ಡನ್ನೇ. ಎರಡನೆಯದು ಕನ್ನಡಿ. ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡುವುದು ಹೇಡಿಗಳ ಕೆಲಸವಂತೆ. ಮೂರನೆಯದು ಸೈಲೆನ್ಸರ್. ಆಮೇಲೆ ನಂಬರ್ ಪ್ಲೇಟನ್ನು ಆಕಾಶಕ್ಕೆ ಮುಖ ಮಾಡಿ ಬಗ್ಗಿಸುತ್ತಾರೆ. ಚಲನ್ ಬರೆಯುವ ಪೊಲೀಸನ ಮೊಬೈಲಿಗೆ ಸಿಗಬಾರದಲ್ಲ.

ಅವ್ವ ಮಾತ್ರ ಅದೇ ಬೈಕಿನ ಹಿಂದಿನ ಸೀಟು ಏರಬೇಕು. ಆ ಸೀಟೋ, ಅಟ್ಟದ ಎತ್ತರದಲ್ಲಿದೆ. ಅಂಗೈ ಅಗಲ. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಮಗನ ಹೆಗಲು, ಬಾಯಲ್ಲಿ ಉರುಕುಂದ ಈರಣ್ಣ ದೇವರು. ಯಮಹಾ ಎಂಜಿನಿಯರುಗಳು ಈ ಭಂಗಿಯನ್ನು ಯಾವ ಗಾಳಿ ಸುರಂಗದಲ್ಲೂ ಪರೀಕ್ಷಿಸಿರಲಾರರು.

ಬೈಕಿನ ಮೈಮೇಲೆ ಇನ್ನೊಂದು ಸೇರುತ್ತದೆ. 46 ಅಂತ ಹಳದಿ ಸ್ಟಿಕ್ಕರ್. ಅದು ವ್ಯಾಲೆಂಟಿನೊ ರಾಸ್ಸಿಯ ನಂಬರು. ಒಂಬತ್ತು ಸಲ ವಿಶ್ವ ಚಾಂಪಿಯನ್. 1996ರಿಂದ 2021ರ ತನಕ ರೇಸಿನಲ್ಲಿದ್ದು, ಜೀವಸಹಿತ ನಿವೃತ್ತನಾದ. ಹೇಗೆ? ಮೈತುಂಬ ಚರ್ಮದ ಸೂಟು. ಕೈಗೆ ಗವಸು, ಕಾಲಿಗೆ ಬೂಟು, ಬೆನ್ನಿಗೆ ರಕ್ಷಾಕವಚ, ಗದ್ದದ ತನಕ ಹೆಲ್ಮೆಟ್. 2018ರಿಂದ ಮೋಟೋಜಿಪಿಯಲ್ಲಿ ಸೂಟಿನೊಳಗೆ ಗಾಳಿಚೀಲವೂ ಕಡ್ಡಾಯ.

ನಮ್ಮ 46 ರಬ್ಬರಿನ ಚಪ್ಪಲಿ ಹಾಕಿದ್ದಾನೆ. ತಲೆ ಬರಿದು. ಹೆಲ್ಮೆಟ್ ಇದೆ, ಪೆಟ್ರೋಲ್ ಟ್ಯಾಂಕಿನ ಮೇಲೆ. ಕರ್ನೂಲಿಗೆ ಹೋಗುವಾಗ ಪೊಲೀಸರು ಕಂಡರೆ ಏರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಟ್ಯಾಂಕಿಗೆ ಪೆಟ್ಟಾಗಬಾರದು ಅನ್ನುವ ಕಾಳಜಿ ಇವನಿಗೆ ಇದೆ.

ರೇಸಿನಿಂದ ನಾವು ತಂದುಕೊಂಡದ್ದು ಇಷ್ಟೇ: ಸದ್ದು, ಸ್ಟಿಕ್ಕರು, ಬೋರಲು ಬೀಳುವ ಭಂಗಿ. ಶಿಸ್ತನ್ನು ಚೆನ್ನೈ ಟ್ರ್ಯಾಕಿನಲ್ಲೇ ಬಿಟ್ಟುಬಂದೆವು. ಅಲ್ಲಿ ಎದುರಿಗೆ ಗಾಡಿ ಬರುವುದಿಲ್ಲ. ಹೈಸ್ಕೂಲು ಬಿಡುವುದಿಲ್ಲ. ಹತ್ತಿ ತುಂಬಿದ ಲಾರಿ ಟೈಲ್ ಲೈಟಿಲ್ಲದೆ ನಿಂತಿರುವುದಿಲ್ಲ. ಒಬ್ಬ ಬಿದ್ದರೆ ಬಾವುಟ ಬೀಸುತ್ತಾರೆ. ಹೆಲಿಕಾಪ್ಟರ್ ಹಾರದಷ್ಟು ಮಂಜು ಕವಿದರೆ ಮೋಟೋಜಿಪಿಯವರು ಅಭ್ಯಾಸವನ್ನೇ ಮುಂದೂಡುತ್ತಾರೆ. ಜೀವಕ್ಕೆ ಹೆದರುವವರು ಅವರು. ಅದಕ್ಕೇ ಅವರು ರೇಸಿನವರು.

ಹುಡುಗನನ್ನು ಬೈದು ಪೆನ್ನು ಮುಚ್ಚಿದರೆ ಎಲ್ಲರಿಗೂ ಖುಷಿ. ಮುಚ್ಚುವುದಿಲ್ಲ. ಹುಡುಗನಿಗೆ ಕೀಲಿ ಕೊಟ್ಟವರು ಬಹಳ ಮಂದಿ ಇದ್ದಾರೆ.

ಮೊದಲು ಸರ್ಕಾರ. ಬೈಕ್ ಕೊಂಡ ದಿನವೇ ಲೈಫ್ ಟ್ಯಾಕ್ಸ್ ಕಟ್ಟಿಸಿಕೊಳ್ಳುತ್ತದೆ. ಬೈಕಿನ ಆಯುಷ್ಯ ಪೂರ್ತಿಗೆ ಒಂದೇ ಏಟಿಗೆ ವಸೂಲಿ. ಓಡಿಸುವವನ ಆಯುಷ್ಯದ ಲೆಕ್ಕ ಆ ಕೌಂಟರಿನಲ್ಲಿ ಇಲ್ಲ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಬ್ಬದ ಉಡುಗೊರೆ ಅಂದರು. ಹೆಲ್ಮೆಟ್ಟಿಗೆ ಮೊದಲೂ 18, ಈಗಲೂ 18. ತಲೆ ಒಡೆದುಕೊಳ್ಳುವುದಕ್ಕೂ ತಲೆ ಕಾಯ್ದುಕೊಳ್ಳುವುದಕ್ಕೂ ದೆಹಲಿಯ ಕಣ್ಣಿನಲ್ಲಿ ಒಂದೇ ದರ. ಸಮಾನತೆ ಅಂದರೆ ಇದು.

ಆಮೇಲೆ ರಸ್ತೆ. 2024ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಗುಂಡಿಮುಕ್ತ ರಸ್ತೆಯ ಅಭಿಯಾನ ಶುರು ಮಾಡಿತು. ಸಂಕ್ರಾಂತಿಯೊಳಗೆ ಒಂದೂ ಗುಂಡಿ ಇರದು ಅಂದರು. ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ತಿಂದೆವು. ಗುಂಡಿಗಳೂ ಹಬ್ಬಕ್ಕೆ ಊರಲ್ಲೇ ಇದ್ದವು. ಯಾವ ವರ್ಷದ ಸಂಕ್ರಾಂತಿ ಅಂತ ಕೇಳದೆ ಇದ್ದದ್ದು ನಮ್ಮದೇ ದಡ್ಡತನ ಅಂತಾರೆ ಬಲ್ಲವರು.

ನಮ್ಮ ಪಾಡು ಹಳೆಯದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಕೊಟ್ಟರು. ಅಂದಿನಿಂದ ನಾವು ಎರಡು ರಾಜ್ಯಗಳ ಅಂಚು. ಅಂಚಿಗೆ ಡಾಂಬರು ಬರುವುದು ಎಲ್ಲರಿಗೂ ಹಾಕಿ ಮಿಕ್ಕಿದರೆ. ಆದೋನಿಯನ್ನೇ ಜಿಲ್ಲೆ ಮಾಡಿ ಅಂತ ಕೂಗು ಎದ್ದಿದೆ. ಮಾಡಲಿ. ಆಗ ಗುಂಡಿಗಳಿಗೆ ಒಬ್ಬ ಕಲೆಕ್ಟರಾದರೂ ಸಿಗುತ್ತಾರೆ.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ಈ ಅಂಚು ಲಾಭದ್ದು. ಆಂಧ್ರದಲ್ಲಿ ಪೆಟ್ರೋಲು ತುಟ್ಟಿ. ಗಡಿ ದಾಟಿದರೆ ಲೀಟರಿಗೆ ಐದಾರು ರೂಪಾಯಿ ಅಗ್ಗ. ಹೊಳಗುಂದದವನು ಸಿರುಗುಪ್ಪದ ಕಡೆ ಗಾಡಿ ತಿರುಗಿಸುತ್ತಾನೆ. ಹೋಗಿ ಬರಲು ಸುಟ್ಟ ಪೆಟ್ರೋಲಿನ ಲೆಕ್ಕ ಹಾಕುವುದಿಲ್ಲ. ಉಳಿತಾಯ ಅಂದರೆ ಉಳಿತಾಯ.

ಇನ್ನು ಅಪ್ಪ. ಮಳೆ ನಂಬಿದ ಹೊಲ. ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ, ಇವನ ಹೊಲದ ಕಡೆ ಮಾತ್ರ ತಿರುಗುವುದಿಲ್ಲ. ಹತ್ತಿ ಕೈಕೊಟ್ಟ ವರ್ಷ ಗಂಡ ಹೆಂಡತಿ ಗಂಟುಮೂಟೆ ಕಟ್ಟಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಮನೆಗೆ ಬೀಗ, ಅಜ್ಜಿಗೆ ಮೊಮ್ಮಕ್ಕಳು. ಆ ಮನೆಯ ಮುಂದೆ ಎರಡು ಲಕ್ಷದ ಹತ್ತಿರದ ಬೈಕು.

"ಗಾಡಿ ಕೊಡ್ಸು, ಇಲ್ಲಂದ್ರ ಉಣ್ಣಂಗಿಲ್ಲ ಅಂತ ಕುಂತಾನ್ರೀ. ಏನ್ ಮಾಡ್ಲಿ ಹೇಳ್ರಿ?" ಅಂತ ಅಪ್ಪ ಕೇಳುತ್ತಾನೆ. ಹಸಿವಾದರೆ ಉಣ್ಣುತ್ತಾನೆ ಬಿಡಪ್ಪ ಅಂತ ಹೇಳಲು ಊರಿನಲ್ಲಿ ಒಬ್ಬರೂ ಇಲ್ಲ. ಫೈನಾನ್ಸಿನವರು ಇದ್ದಾರೆ. ಅವರು ಮನೆ ಬಾಗಿಲಿಗೇ ಬರುತ್ತಾರೆ. ಕಂತು ಗುಂಟೂರಿನಲ್ಲಿ ದುಡಿಯುತ್ತದೆ, ಬೈಕು ಆದೋನಿಯಲ್ಲಿ ಕುಣಿಯುತ್ತದೆ.

ಅಪ್ಪ ಕೊಡಿಸದಿದ್ದರೆ ಮಾವ ಇದ್ದಾನೆ. ಅಳಿಯನಿಗೆ ಗಾಡಿ ಕೊಡುವುದು ಮರ್ಯಾದೆ. ವರದಕ್ಷಿಣೆ ಅನ್ನಬಾರದು, ಕೇಸಾಗುತ್ತದೆ. ಉಡುಗೊರೆ ಅನ್ನಬೇಕು. ಮಗಳ ಬಾಳು ಚೆನ್ನಾಗಿರಲಿ ಅಂತ ಅಳಿಯನ ಕೈಗೆ ಟ್ರ್ಯಾಕ್ ಮೋಡ್ ಇಡುವ ಮಾವಂದಿರಿಗೆ ದೇವರು ಬುದ್ಧಿ ಕೊಡಲಿ.

ದೇವರ ಮಾತು ಬಂತು. ಹೊಸ ಗಾಡಿ ಮೊದಲು ಮಂತ್ರಾಲಯಕ್ಕೆ ಹೋಗಬೇಕು. ಹೂವಿನ ಹಾರ, ಅರಿಶಿನ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು. ನಿಂಬೆಹಣ್ಣು ಅಪ್ಪಚ್ಚಿಯಾದರೆ ದೃಷ್ಟಿ ಹೋಯಿತು. ಥರ್ಡ್ ಪಾರ್ಟಿ ವಿಮೆಯನ್ನು ಹೊಸ ಬೈಕಿಗೆ ಐದು ವರ್ಷಕ್ಕೆ ಒಟ್ಟಿಗೇ ಮಾಡಿಸಬೇಕು ಅಂತ 2018ರಿಂದ ಕಡ್ಡಾಯ. ಐದು ವರ್ಷ ಆದಮೇಲೆ? ಇನ್ನೊಂದು ನಿಂಬೆಹಣ್ಣು.

ಗೇರಿನ ಬೈಕಿಗೆ ಲೈಸೆನ್ಸು ಬೇಕಾದರೆ 18 ತುಂಬಿರಬೇಕು. ತುಂಬದವನ ಕೈಗೆ ಗಾಡಿ ಕೊಟ್ಟರೆ 2019ರ ತಿದ್ದುಪಡಿ ಕಾನೂನಿನ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಬೈಕಿನ ನೋಂದಣಿ ಒಂದು ವರ್ಷ ರದ್ದು. ಎಂಥ ಕಾನೂನು! ಓದಿದರೆ ಬೆವರು ಬರುತ್ತದೆ. ಓದಿದವರು ಯಾರು? ಮೀಸೆ ಮೂಡದವನು ಇಬ್ಬರನ್ನು ಹಿಂದೆ ಕೂರಿಸಿಕೊಂಡು ಪೊಲೀಸ್ ಸ್ಟೇಷನ್ ಮುಂದೆಯೇ ಹೋಗುತ್ತಾನೆ. ಹಿಡಿದರೆ ಫೋನು ಬರುತ್ತದೆ. ಫೋನು ಮಾಡುವ ಅಣ್ಣ ಯಾವ ಪಕ್ಷದಲ್ಲಿದ್ದರೂ ಅದೇ ದನಿ: "ನಮ್ ಹುಡುಗ ಸಾರ್, ಬಿಟ್ಬಿಡಿ."

ಅದೇ ಅಣ್ಣ ಜನವರಿಯಲ್ಲಿ ರಸ್ತೆ ಸುರಕ್ಷತೆಯ ಜಾಥಾ ಉದ್ಘಾಟಿಸುತ್ತಾನೆ. ಹೆಲ್ಮೆಟ್ ಹಾಕಿಕೊಂಡು ಹಸಿರು ಬಾವುಟ ತೋರಿಸುತ್ತಾನೆ. ಫೋಟೋ ತೆಗೆದಾದ ಮೇಲೆ ಹೆಲ್ಮೆಟ್ ವಾಪಸ್. ಅದು ಬಾಡಿಗೆಯದೋ ಏನೋ.

ಚುನಾವಣೆ ಬಂದರೆ ಬೈಕ್ ರ‍್ಯಾಲಿ. ನೂರಾರು ಗಾಡಿ, ಒಂದು ಗಾಡಿಗೆ ಮೂವರು, ಒಬ್ಬನಿಗೂ ಹೆಲ್ಮೆಟ್ ಇಲ್ಲ. ಮುಂದೆ ಪೊಲೀಸ್ ಜೀಪು ದಾರಿ ಬಿಡಿಸುತ್ತದೆ. ಬಾವುಟದ ಬಣ್ಣ ಐದು ವರ್ಷಕ್ಕೊಮ್ಮೆ ಬದಲಾಗಬಹುದು. ಬರಿತಲೆ ಸರ್ವಪಕ್ಷದ್ದು. ಚುನಾವಣೆ ಇಲ್ಲದ ವರ್ಷ ಹೀರೋನ ಹುಟ್ಟುಹಬ್ಬ ಇರುತ್ತದೆ. ನಡುರಾತ್ರಿ ಥಿಯೇಟರ್ ಮುಂದೆ ಎಂಜಿನ್ ಕಿರುಚಿಸುವುದೇ ಅಭಿಮಾನ. ರೋಗಿಗಳು, ಹಸುಗೂಸುಗಳು, ಪರೀಕ್ಷೆಗೆ ಓದುವವರು ಅಭಿಮಾನಿಗಳಲ್ಲ, ಅವರನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಪೊಲೀಸರು ಸುಮ್ಮನೆ ಕೂತಿಲ್ಲ. ಕಿರುಚುವ ಸೈಲೆನ್ಸರುಗಳನ್ನು ಕಿತ್ತು, ರಸ್ತೆ ಮೇಲೆ ಸಾಲಾಗಿ ಜೋಡಿಸಿ, ರೋಡ್ ರೋಲರ್ ಹತ್ತಿಸುತ್ತಾರೆ. ಆಂಧ್ರದಲ್ಲೂ ಆಗಿದೆ, ಕರ್ನಾಟಕದಲ್ಲೂ ಆಗಿದೆ. ಮರುದಿನ ಪೇಪರಿನಲ್ಲಿ ದೊಡ್ಡ ಫೋಟೋ. ಫೋಟೋ ನೋಡಿದಾಗ ನನಗೆ ಒಂದೇ ವಿಚಾರ. ರೋಡ್ ರೋಲರ್ ಇದೆ! ಡೀಸೆಲ್ ಇದೆ, ಡ್ರೈವರ್ ಇದ್ದಾನೆ, ಗಾಡಿ ಸ್ಟಾರ್ಟೂ ಆಗುತ್ತದೆ. ಸೈಲೆನ್ಸರ್ ಮೇಲೆ ಓಡುವ ರೋಲರಿಗೆ ಜಲ್ಲಿ ಮೇಲೆ ಓಡಲು ಯಾವ ಶಾಸ್ತ್ರ ಅಡ್ಡ ಬರುತ್ತದೆ?

ಇನ್ನು ಜಾಹೀರಾತು. ಮಂಜಿನ ಬೆಟ್ಟ, ಖಾಲಿ ರಸ್ತೆ, ಬೈಕು ನೆಲಕ್ಕೆ ಮೊಣಕಾಲು ತಾಗುವ ಹಾಗೆ ವಾಲುತ್ತದೆ. ಕೆಳಗೆ ಇರುವೆ ಗಾತ್ರದ ಅಕ್ಷರ: ಇದನ್ನು ನುರಿತವರು ಸುರಕ್ಷಿತ ಜಾಗದಲ್ಲಿ ಮಾಡಿದ್ದು, ನೀವು ಮಾಡಬೇಡಿ. ಹಾಗಾದರೆ ನಾವು ಮಾಡುವುದೇನು? ಮಾಡಬಾರದ ಕೆಲಸಕ್ಕೆ ಕಂತು ಕಟ್ಟುವುದು. ಕಾನೂನಿನ ಪ್ರಕಾರ ಬೈಕಿಗೆ ನಾಲ್ಕು ಪಥದ ಹೆದ್ದಾರಿಯಲ್ಲೇ 80 ಕಿಲೋಮೀಟರ್ ಮಿತಿ, ಊರೊಳಗೆ 60. ಆ ಮಿತಿಗಿಂತ ಬಹಳ ಮುಂದೆ ಓಡುವ ಗಾಡಿಯನ್ನು ಅದೇ ಸರ್ಕಾರದ ಸಾರಿಗೆ ಕಚೇರಿ ನೋಂದಣಿ ಮಾಡಿಕೊಡುತ್ತದೆ. ಮಾರುವುದು ಕಾನೂನುಬದ್ಧ, ಓಡಿಸುವುದು ಅಪರಾಧ.

ಲೆಕ್ಕ ಬೇಕೆ? ಕೇಂದ್ರ ಸಾರಿಗೆ ಸಚಿವಾಲಯದ್ದೇ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ದ್ವಿಚಕ್ರ ವಾಹನದವರು 74,897. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಅಂದರೆ ಅವ್ವ, ಅಕ್ಕ, ಗೆಳೆಯ. ಅವರು ಯಾವ ಮೋಡ್ ಒತ್ತಿದ್ದರು?

2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲು ಹತ್ತಿರದ ಚಿನ್ನ ಟೇಕೂರಿನಲ್ಲಿ ಆದದ್ದನ್ನು ಇಡೀ ದೇಶ ನೋಡಿತು. ಕುಡಿದು ಓಡಿಸಿದವನು ಬಿದ್ದು ಸತ್ತ. ರಸ್ತೆ ಮೇಲೆ ಬಿದ್ದಿದ್ದ ಅವನ ಬೈಕನ್ನು ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಎಳೆದುಕೊಂಡು ಹೋಯಿತು. ಬೆಂಕಿ ಹತ್ತಿತು. ಬಸ್ಸಿನಲ್ಲಿದ್ದ 19 ಮಂದಿ ಸುಟ್ಟುಹೋದರು. ಅದು ರೇಸಿನ ಬೈಕೂ ಅಲ್ಲ, ಸಾಧಾರಣ ಗಾಡಿ. ಆಮೇಲೆ ಬಸ್ಸುಗಳ ತಪಾಸಣೆ ಜೋರಾಯಿತು. ಪರ್ಮಿಟ್ಟು, ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ. ಆಗಬೇಕಾದದ್ದೇ. ಕುಡಿದು ಬೈಕ್ ಹತ್ತುವವರು ಅಂದು ಸಂಜೆಯೂ ಹತ್ತಿದರು.

ನಮ್ಮವರಿಗೆ ತಯಾರಿ ಮಾಡಲು ಬರುವುದಿಲ್ಲ ಅಂತಲ್ಲ. ವಿಜಯದಶಮಿಯ ರಾತ್ರಿ ದೇವರಗಟ್ಟಿಗೆ ಬನ್ನಿ. ಬನ್ನಿ ಉತ್ಸವದಲ್ಲಿ ಮಾಳಮಲ್ಲೇಶ್ವರನ ಮೂರ್ತಿಗಾಗಿ ಊರೂರಿನ ಗಂಡಸರು ಬಡಿಗೆ ಹಿಡಿದು ಬಡಿದಾಡುತ್ತಾರೆ. ಪ್ರತಿ ವರ್ಷ ಹತ್ತಾರು ತಲೆ ಒಡೆಯುತ್ತದೆ. ಅದಕ್ಕೆ ಪೊಲೀಸ್ ಪಡೆ ಬರುತ್ತದೆ, ವೈದ್ಯರು ಬರುತ್ತಾರೆ, ಆಂಬುಲೆನ್ಸ್ ನಿಲ್ಲುತ್ತದೆ, ಟಿವಿಯವರು ಬಂದು ಇದು ಯಾವ ಶತಮಾನ ಅಂತ ಕೇಳುತ್ತಾರೆ. ಒಂದು ರಾತ್ರಿಗೆ ಇಷ್ಟು. ಉಳಿದ 364 ರಾತ್ರಿ ರಸ್ತೆ ಮೇಲೆ ಒಡೆಯುವ ತಲೆಗೆ ಒಬ್ಬ ಹೋಮ್‌ಗಾರ್ಡ್ ಇರುವುದಿಲ್ಲ. ಬಡಿಗೆ ಅನಾಗರಿಕ. ಬೈಕು ಅಭಿವೃದ್ಧಿ.

ತಲೆಗೆ ಪೆಟ್ಟಾದರೆ ಆದೋನಿಯಲ್ಲಿ ಪಟ್ಟಿ ಕಟ್ಟುತ್ತಾರೆ. ಆಮೇಲೆ ಒಂದು ಚೀಟಿ ಕೊಡುತ್ತಾರೆ: ಕರ್ನೂಲು. ನೂರು ಕಿಲೋಮೀಟರ್ ಹತ್ತಿರ. ಇಲ್ಲವೇ ಬಳ್ಳಾರಿ. ದಾರಿಯಲ್ಲಿ ಮತ್ತೆ ಅವೇ ಗುಂಡಿಗಳು. ಆದೋನಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಅಂತ 2021ರಲ್ಲಿ ಶಂಕುಸ್ಥಾಪನೆ ಆಗಿತ್ತು. 2025ರ ಹೊತ್ತಿಗೆ ಅದನ್ನು ಸರ್ಕಾರ ನಡೆಸಬೇಕೋ ಖಾಸಗಿಯವರ ಕೈಗೆ ಕೊಡಬೇಕೋ ಅನ್ನುವ ಜಗಳಕ್ಕೆ ಬಂತು. ಜಗಳ ತೀರುವ ತನಕ ಬೀಳುವವರು ದಯವಿಟ್ಟು ಸ್ವಲ್ಪ ತಡೆದು ಬೀಳಬೇಕು.

ಒಂದು ಸಲಹೆ ಇದೆ. ಇದು ರೇಸು ಅಂತ ಎಲ್ಲರೂ ಒಪ್ಪಿಕೊಂಡ ಮೇಲೆ ನೆಟ್ಟಗೇ ಮಾಡೋಣ. ಆದೋನಿಯಿಂದ ಎಮ್ಮಿಗನೂರಿನ ತನಕ ಬದಿಗೆ ಟೈರು ಪೇರಿಸಿ. ತಿರುವಿಗೊಬ್ಬ ಬಾವುಟದವನನ್ನು ನಿಲ್ಲಿಸಿ. ಒಂದು ಹೆಲಿಕಾಪ್ಟರ್ ಕೊಡಿ, ಚುನಾವಣೆಯಲ್ಲಿ ಹೇಗೂ ಬಂದು ಹೋಗುತ್ತವೆ. ಎಮ್ಮೆಗಳಿಗೆ ಪಾಸ್ ಕೊಡಿ. ಖರ್ಚಾಗುತ್ತದೆ ಅನ್ನುತ್ತೀರಾ? ಹಾಗಾದರೆ ಅಗ್ಗದ ದಾರಿಯೂ ಇದೆ: ಗುಂಡಿ ಮುಚ್ಚುವುದು, ಲೈಸೆನ್ಸ್ ಕೇಳುವುದು, ಫೋನು ಬಂದರೂ ಬಿಡದಿರುವುದು. ಅಗ್ಗದ್ದು ನಮ್ಮವರ ಅಂತಸ್ತಿಗೆ ಹೊಂದುವುದಿಲ್ಲ.

ನಮ್ಮಲ್ಲಿ ಹೊಂದುವುದು ಫ್ಲೆಕ್ಸು. ಹುಡುಗ ಸತ್ತ ಮೂರನೆಯ ದಿನಕ್ಕೆ ಸರ್ಕಲಿನಲ್ಲಿ ಏಳುತ್ತದೆ. ನಡುವೆ ಅವನು, ಅದೇ ಬೈಕಿನ ಮೇಲೆ, ಕಪ್ಪು ಕನ್ನಡಕ ಹಾಕಿ. ಸುತ್ತ ಗೆಳೆಯರ ಬಳಗ. ಮೇಲಿನ ಸಾಲಿನಲ್ಲಿ ಅವನನ್ನು ಬಿಡಿಸಲು ಫೋನು ಮಾಡಿದ ನಾಯಕರೆಲ್ಲ ಕೈ ಮುಗಿದು ನಿಂತಿರುತ್ತಾರೆ. ಆ ದುಡ್ಡಿಗೆ ಒಂದು ಒಳ್ಳೆ ಐಎಸ್‌ಐ ಹೆಲ್ಮೆಟ್ ಬರುತ್ತಿತ್ತು. ಆದರೆ ಹೆಲ್ಮೆಟ್ಟಿನ ಮೇಲೆ ಅಷ್ಟು ಮಂದಿ ನಾಯಕರ ಮುಖ ಹಿಡಿಸುವುದಿಲ್ಲವಲ್ಲ.